ಸುಗಂಧರಾಜ ಹೂ ಬಿಡದಿದ್ದರೆ ಮೊದಲು ಗೆಡ್ಡೆ ನೋಡಿ

ಯುಗಾದಿ ಕಳೆದು ಬಿಸಿಲೇರಿತೆಂದರೆ ನಮ್ಮ ನರ್ಸರಿಗೆ ಸುಗಂಧರಾಜದ ಗೆಡ್ಡೆ ಕೇಳಿಕೊಂಡು ಬರುವವರು ಹೆಚ್ಚುತ್ತಾರೆ. ಹಲವರದು ಒಂದೇ ದೂರು: "ಹೋದ ವರ್ಷ ಎಷ್ಟು ಚೆನ್ನಾಗಿ ಹೂ ಬಿಟ್ಟಿತ್ತು ಸ್ವಾಮಿ, ಈ ವರ್ಷ ಬರೀ ಎಲೆ. ಯಾವ ಗೊಬ್ಬರ ಹಾಕಲಿ?" ಗೊಬ್ಬರ ಮಾರುವುದು ಸುಲಭ. ಆದರೂ ಮೊದಲು ಆ ಗೆಡ್ಡೆಯ ಗುಂಪನ್ನು ಕಿತ್ತು ತನ್ನಿ ಎನ್ನುತ್ತೇನೆ.

ಮಣ್ಣು ತೊಳೆದು ಅವರೆದುರೇ ಬಿಡಿಸಿ ತೋರಿಸುತ್ತೇನೆ. ನಡುವೆ ಹಳೆಯ ಹೂದಂಟಿನ ಒಣ ಕಡ್ಡಿ ಹೊತ್ತ ತಾಯಿಗೆಡ್ಡೆ. ಅದರ ಸುತ್ತ ಬೆಳ್ಳುಳ್ಳಿ ಎಸಳಿನಂತೆ ಒತ್ತೊತ್ತಾಗಿ ಮರಿಗಳು. ಒಮ್ಮೆ ಹೂ ಕೊಟ್ಟ ಗೆಡ್ಡೆ ಮತ್ತೆ ಹೂ ಕೊಡುವುದಿಲ್ಲ, ಮುಂದಿನ ಹೂವೆಲ್ಲ ಮರಿಗಳಿಂದಲೇ ಬರಬೇಕು. ಕುಂಡದಲ್ಲಿ ಜಾಗ ಸಾಲದೆ ಅವು ಸಣಕಲಾಗಿ ಉಳಿದರೆ ಎಷ್ಟು ಗೊಬ್ಬರ ಹಾಕಿದರೂ ಸಿಗುವುದು ಎಲೆಯಷ್ಟೇ. 2ರಿಂದ 3 ಸೆಂ.ಮೀ. ದಪ್ಪವಿದ್ದು, ಒತ್ತಿದರೆ ಗಟ್ಟಿಯಾಗಿರುವುದನ್ನು ಹೂವಿಗೆಂದು ಆರಿಸಿ. ಸಣ್ಣವನ್ನು ಎಸೆಯಬೇಡಿ, ಬೇರೆ ಕುಂಡದಲ್ಲಿ ಮೈತುಂಬಿಕೊಳ್ಳಲಿ.

ಬೇರಿನಲ್ಲಿ ಗಂಟುಗಂಟು ಕಂಡರೆ ಅದು ಮಣ್ಣಿನಲ್ಲಿದ್ದು ಬೇರಿಗೆ ಹತ್ತುವ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳುವಿನ ಕೆಲಸ. ಆ ಮಣ್ಣಿನಲ್ಲಿ ಮತ್ತೆ ನೆಡಲೇಬೇಡಿ. ಇಂಥವರಿಗೆ ನಾನು ಶೃಂಗಾರ್ ತಳಿ ಹೇಳುತ್ತೇನೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕೊಟ್ಟ ಈ ತಳಿ ಜಂತುಹುಳುವನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ಅಲ್ಲಿಯದೇ ಪ್ರಜ್ವಲ್ ಕೂಡ ಸೊಗಸು: ಮೊಗ್ಗಿನ ತುದಿಯಲ್ಲಿ ನಸುಗೆಂಪು, ಅರಳಿದಾಗ ಅಚ್ಚ ಬಿಳುಪು.

ನೆಡುವುದು ಕಷ್ಟವಲ್ಲ. ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಗೆಡ್ಡೆಯ ಮೇಲೆ ಎರಡು ಬೆರಳಷ್ಟು ಮಣ್ಣಿದ್ದರೆ ಸಾಕು. ಮೊಳಕೆ ಕಾಣುವವರೆಗೆ ನೀರು ಹಾಕುವುದರಲ್ಲಿ ಕೈ ಬಿಗಿಹಿಡಿಯಿರಿ, ಇಲ್ಲವಾದರೆ ಗೆಡ್ಡೆ ಕೊಳೆಯುತ್ತದೆ. ದಿನದ ಬಹುಪಾಲು ಬಿಸಿಲು ಬೀಳುವ ಜಾಗವಾದರೆ ಸುಮಾರು ಮೂರು ತಿಂಗಳಿಗೆ ದಂಟು ಏಳುತ್ತದೆ. ಹೂವು ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುತ್ತದೆ. ಹೂವೆಲ್ಲ ಮುಗಿದು ಎಲೆ ಹಳದಿಯಾದ ಮೇಲೆ ನೀರು ನಿಲ್ಲಿಸಿ ಕಿತ್ತು, ನೆರಳಿನಲ್ಲಿ ಒಣಗಿಸಿಡಿ.

ಹೂದಾನಿಗೆ ಬೇಕೆಂದು ಡಬಲ್, ಅಂದರೆ ಹಲವು ಸುತ್ತು ದಳದ ಹೂ, ಕೇಳುವವರಿಗೆ ಸುವಾಸಿನಿ ತಳಿ ಕೊಡುತ್ತೇನೆ. ಸಂಜೆ ಜಗಲಿಯಲ್ಲಿ ಘಮ ಬೇಕೆನ್ನುವವರಿಗೆ ಮಾತ್ರ ಒಂದೇ ಸುತ್ತು ದಳದ ಸಿಂಗಲ್ ಬಿಟ್ಟು ಬೇರೆಯದನ್ನು ಹೇಳುವುದಿಲ್ಲ.