ಮದರ್ ಹೌಸ್‌ಗೆ ಸೇವೆಗೆಂದು ಹೊರಟವರಿಗೆ

ಕೋಲ್ಕತಾಗೆ ಹೊರಡುವ ಮುಂಚೆ ಗುರುವಾರವನ್ನು ಲೆಕ್ಕದಿಂದ ತೆಗೆದುಬಿಡಿ. ನನಗೆ ಅದು ಗೊತ್ತಿರಲಿಲ್ಲ. ಬೆಂಗಳೂರಿನಿಂದ ಒಂದೂವರೆ ದಿನ ರೈಲಿನಲ್ಲಿ ಕೂತು ಬುಧವಾರ ರಾತ್ರಿ ಹೌರಾದಲ್ಲಿ ಇಳಿದೆ. ಮರುದಿನ ಬೆಳಿಗ್ಗೆ ಎ.ಜೆ.ಸಿ. ಬೋಸ್ ರಸ್ತೆಯ 54ಎ, ಅಂದರೆ ಮದರ್ ತೆರೇಸಾ ಕಟ್ಟಿದ ಮಿಷನರೀಸ್ ಆಫ್ ಚಾರಿಟಿ ಸಭೆಯ ಮುಖ್ಯ ಮನೆಯಾದ ಮದರ್ ಹೌಸ್, ಹುಡುಕಿಕೊಂಡು ಹೋದರೆ ಬಾಗಿಲು ಹಾಕಿತ್ತು. ಗುರುವಾರ ಅಲ್ಲಿ ಸಂದರ್ಶಕರಿಗೆ ಪ್ರವೇಶವಿಲ್ಲ, ಸ್ವಯಂಸೇವಕರಿಗೂ ಅಂದು ರಜೆ. ಬಡವರ ಸೇವೆಗೆ ಬಂದವಳು ಇಡೀ ದಿನ ವಿಕ್ಟೋರಿಯಾ ಮೆಮೋರಿಯಲ್ ನೋಡಿಕೊಂಡು ಕಾಲ ಕಳೆದೆ.

ಉಳಿದುಕೊಳ್ಳುವ ವ್ಯವಸ್ಥೆಯನ್ನು ಮಿಷನರೀಸ್ ಆಫ್ ಚಾರಿಟಿಯವರು ಮಾಡುವುದಿಲ್ಲ, ನಾವೇ ನೋಡಿಕೊಳ್ಳಬೇಕು. ಹೆಚ್ಚಿನವರು ಸದರ್ ಸ್ಟ್ರೀಟಿನ ಅಗ್ಗದ ಲಾಡ್ಜುಗಳಲ್ಲಿ ಇರುತ್ತಾರೆ. ಅಲ್ಲಿಂದ ಮದರ್ ಹೌಸ್‌ಗೆ ನಡೆದೇ ಹೋಗಬಹುದು. 2024ರ ಮಾರ್ಚ್‌ನಿಂದ ಹೂಗ್ಲಿ ನದಿಯ ಅಡಿಯಲ್ಲಿ ಮೆಟ್ರೋ ಓಡುತ್ತಿದೆ, ಹಾಗಾಗಿ ಹೌರಾ ಸ್ಟೇಷನ್ನಿನ ಹೊರಗೆ ಟ್ಯಾಕ್ಸಿಯವರ ಜೊತೆ ಜಗಳ ಆಡಬೇಕಾಗಿಲ್ಲ. ಸದರ್ ಸ್ಟ್ರೀಟಿಗೆ ಎಸ್ಪ್ಲನೇಡ್‌ನಲ್ಲಿ ಇಳಿದರೆ ಸಾಕು. ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ. ಬೇಸಿಗೆಯ ಸೆಕೆಯಲ್ಲಿ ನಿಮ್ಮ ಸೇವೆಯನ್ನೇ ಇನ್ನೊಬ್ಬರು ಮಾಡಬೇಕಾದೀತು.

ಹೆಸರು ಬರೆಸುವುದು ಮದರ್ ಹೌಸ್ ಇರುವ ರಸ್ತೆಯಲ್ಲೇ, ಅವರ ಮಕ್ಕಳ ಮನೆಯಾದ ಶಿಶು ಭವನದಲ್ಲಿ. ನಾನು ಹೋದಾಗ ಸೋಮವಾರ, ಬುಧವಾರ, ಶುಕ್ರವಾರ ಮಧ್ಯಾಹ್ನ 3ಕ್ಕೆ ಇತ್ತು. ಬದಲಾಗಿದೆಯೋ ಏನೋ, ಮದರ್ ಹೌಸ್‌ನಲ್ಲಿ ಕೇಳಿಕೊಂಡೇ ಹೋಗಿ. ಶುಲ್ಕ ಏನೂ ಇಲ್ಲ, ಗುರುತಿನ ಚೀಟಿ ಇರಲಿ. ಕ್ರೈಸ್ತರೇ ಆಗಿರಬೇಕೆಂದಿಲ್ಲ. ನನ್ನ ಜೊತೆ ಹೆಸರು ಬರೆಸಿದವರಲ್ಲಿ ದೇವರನ್ನೇ ನಂಬದವರೂ ಇದ್ದರು. ಎಷ್ಟು ದಿನ ಇರುತ್ತೀರಿ ಎಂದು ಸಿಸ್ಟರ್ ಕೇಳುತ್ತಾರೆ. ಎರಡೇ ದಿನ ಎನ್ನುವುದಾದರೆ ಸಮಾಧಿಗೆ ನಮಸ್ಕರಿಸಿ ವಾಪಸು ಬಂದುಬಿಡಿ ಎಂದು ನಾನು ಹೇಳುತ್ತೇನೆ. ಕೆಲಸ ಕೈಗೆ ಹತ್ತುವುದಕ್ಕೇ ಮೂರು ದಿನ ಬೇಕು.

ಬೆಳಿಗ್ಗೆ 6ಕ್ಕೆ ಮದರ್ ಹೌಸ್‌ನ ಚಾಪೆಲಿನಲ್ಲಿ ಬಲಿಪೂಜೆ, ಅಂದರೆ ಕ್ಯಾಥೊಲಿಕರ ಮಾಸ್. ನೆಲದ ಮೇಲೆ ಸಿಸ್ಟರ್‌ಗಳು ಸಾಲಾಗಿ ಕೂತಿರುತ್ತಾರೆ, ಕಿಟಕಿಯಾಚೆ ಬಸ್ಸುಗಳ ಹಾರ್ನ್. ಆ ಗದ್ದಲದಲ್ಲಿ ಫಾದರ್ ಪ್ರಸಂಗ ಅರ್ಧ ಕೇಳಿಸುತ್ತದೆ, ಅರ್ಧ ಇಲ್ಲ. ಶಿಲುಬೆಯ ಪಕ್ಕದಲ್ಲಿ ‘ನನಗೆ ದಾಹವಾಗಿದೆ’ ಎಂಬ ಯೇಸುವಿನ ಮಾತು ಇಂಗ್ಲಿಷಿನಲ್ಲಿದೆ. ಈ ಸಭೆಯ ಎಲ್ಲ ಚಾಪೆಲುಗಳಲ್ಲೂ ಅದು ಇರುತ್ತದೆ. ಪೂಜೆ ಮುಗಿದ ಮೇಲೆ ಸ್ವಯಂಸೇವಕರಿಗೆ ಬ್ರೆಡ್ಡು, ಬಾಳೆಹಣ್ಣು, ಚಹಾ. 1997ರ ಸೆಪ್ಟೆಂಬರ್ 5ರಂದು ತೀರಿಕೊಂಡ ಮದರ್ ತೆರೇಸಾ ಅವರ ಸಮಾಧಿ ಕೆಳಗಿನ ಅಂತಸ್ತಿನಲ್ಲಿದೆ. ಅದರ ಮೇಲೆ ಚೆಂಡುಹೂವಿನ ಎಸಳುಗಳಲ್ಲಿ ಒಂದು ಮಾತು ಬರೆದಿರುತ್ತಾರೆ. ಅವರ ಕೋಣೆಯನ್ನೂ ನೋಡಿ. ಅಡುಗೆಮನೆಯ ಮೇಲಿರುವ ಆ ಪುಟ್ಟ ಕೋಣೆಗೆ ಅವರು ಫ್ಯಾನ್ ಹಾಕಿಸಿಕೊಂಡಿರಲಿಲ್ಲ.

ಕೆಲಸದ ವಿಷಯಕ್ಕೆ ಬರುತ್ತೇನೆ. ನನ್ನನ್ನು ಮೊದಲು ರೋಗಿಗಳು, ನಿರ್ಗತಿಕರು ಇರುವ ಪ್ರೇಮ್ ದಾನ್ ಎಂಬ ಮನೆಗೆ ಕಳಿಸಿದರು. ಹೋದವಳ ಕೈಗೆ ಸಿಕ್ಕಿದ್ದು ರೋಗಿಯ ಕೈಯಲ್ಲ, ಒದ್ದೆ ಕಂಬಳಿ. ರಾಶಿ ರಾಶಿ ಬಟ್ಟೆಯನ್ನು ಕೈಯಲ್ಲೇ ಒಗೆಯಬೇಕು. ಕಂಬಳಿಯ ಆ ತುದಿಯನ್ನು ಸ್ಪೇನಿನ ಹುಡುಗಿಯೊಬ್ಬಳು ಹಿಡಿದಳು, ಈ ತುದಿ ನಾನು. ಅವಳು ತಿರುಗಿಸಿದಂತೆ ನಾನೂ ತಿರುಗಿಸಿದರೆ ಕಂಬಳಿ ಗುಂಡಗೆ ಉರುಳುತ್ತದೆಯೇ ಹೊರತು ಹನಿ ನೀರು ಇಳಿಯುವುದಿಲ್ಲ. ಪಕ್ಕದಲ್ಲಿದ್ದ ಮಾಶಿ ನಕ್ಕು, ನನ್ನ ಮಣಿಕಟ್ಟು ಹಿಡಿದು ಆಚೆ ದಿಕ್ಕಿಗೆ ತಿರುಗಿಸಿದಳು. ಅಲ್ಲಿನ ಆಯಾಗಳನ್ನು ಮಾಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಾರೆ. ನಾವು ಬಂದು ಹೋಗುವವರು. ವರ್ಷವಿಡೀ ಅಲ್ಲೇ ಇರುವವರು ಮಾಶಿಯರು ಮತ್ತು ಸಿಸ್ಟರ್‌ಗಳು. ಹಾಗಾಗಿ ಅವರು ಹೇಳಿದ್ದನ್ನು ಮಾಡಿ, ನಿಮ್ಮ ಸಲಹೆ ಚೀಲದಲ್ಲೇ ಇರಲಿ.

ಎರಡನೇ ವಾರ ಕಾಳಿಘಾಟ್‌ನ ನಿರ್ಮಲ ಹೃದಯ. ಅಲ್ಲಿಗೆ ಮೆಟ್ರೋ ಇದೆ. ಕಾಳಿ ಗುಡಿಯ ಪಕ್ಕದಲ್ಲೇ, ಯಾತ್ರಿಕರು ತಂಗುತ್ತಿದ್ದ ಕಟ್ಟಡದಲ್ಲಿ 1952ರಲ್ಲಿ ಶುರುವಾದ ಮನೆ ಅದು. ಬೀದಿಯಲ್ಲಿ ಸಾಯುತ್ತಿದ್ದವರಿಗಾಗಿ ತೆರೆದದ್ದು. ಹೆಂಗಸರ ವಾರ್ಡಿನಲ್ಲಿ ಒಬ್ಬ ಮುದುಕಿಗೆ ಊಟ ಮಾಡಿಸಲು ಹೇಳಿದರು. ಊರಿನ ಚರ್ಚಿನಲ್ಲಿ ಪ್ರತಿ ತಿಂಗಳು ಬಡವರಿಗೆ ಅಕ್ಕಿ ಹಂಚುವ ಗುಂಪಿನವಳು ನಾನು. ಹಸಿದವರಿಗೆ ಉಣಿಸಿದ್ದು ನನಗೇ ಉಣಿಸಿದಂತೆ ಎಂದು ಯೇಸು ಹೇಳುವ, ಬೈಬಲಿನ ಮತ್ತಾಯನ 25ನೇ ಅಧ್ಯಾಯ ಬಾಯಿಪಾಠ. ‘ಇವರೇ ಯೇಸು, ಇವರೇ ಯೇಸು’ ಎಂದು ಮನಸ್ಸಿನಲ್ಲಿ ಜಪಿಸುತ್ತಾ ಚಮಚ ಎತ್ತಿದೆ. ಎರಡು ತುತ್ತಿನಲ್ಲಿ ಅನ್ನವೆಲ್ಲ ಅವರ ಎದೆಯ ಮೇಲೆ. ಮುದುಕಿ ಬಾಯಿ ಬಿಗಿಹಿಡಿದು ಗೋಡೆ ಕಡೆ ತಿರುಗಿಬಿಟ್ಟರು. ಮಾಶಿ ಬಂದು, ಮೊದಲು ಅವರನ್ನು ದಿಂಬಿಗೆ ಒರಗಿಸಿ ಕೂರಿಸಿದಳು, ಎದೆ ಒರೆಸಿದಳು, ಅರ್ಧ ಚಮಚ ಇಟ್ಟು ಗಂಟಲನ್ನೇ ನೋಡುತ್ತಾ ಕಾದಳು. ಗಂಟಲು ಮೇಲೆ ಹೋಗಿ ಕೆಳಗಿಳಿದ ಮೇಲೆ ಇನ್ನರ್ಧ. ನಾನು ಯೇಸುವಿನ ಮುಖ ಹುಡುಕುತ್ತಿದ್ದೆ, ಆ ಹೆಂಗಸಿನ ಗಂಟಲು ನೋಡಿರಲಿಲ್ಲ.

ಆ ರಾತ್ರಿ ಲಾಡ್ಜಿನಲ್ಲಿ ಅದೇ ಅಧ್ಯಾಯವನ್ನು ಮತ್ತೆ ತೆರೆದೆ. ಅಷ್ಟು ವರ್ಷ ಓದಿಯೂ ಒಂದು ಸಂಗತಿ ಕಣ್ಣಿಗೆ ಬಿದ್ದಿರಲಿಲ್ಲ. ಕೊನೆಯ ತೀರ್ಪಿನ ದಿನ ಬಲಗಡೆ ನಿಂತ ನೀತಿವಂತರಿಗೇ ಆಶ್ಚರ್ಯ: ನಾವು ಯಾವಾಗ ನಿನಗೆ ಉಣಿಸಿದೆವು ಸ್ವಾಮಿ? ಅವರಿಗೆ ಗೊತ್ತೇ ಇರಲಿಲ್ಲ. ಹಸಿದವನನ್ನು ಕಂಡರು, ಬಡಿಸಿದರು, ಅಷ್ಟೇ.

ಅಲ್ಲಿಗೆ ಹೋದರೆ ದೇವರು ಹತ್ತಿರವಾಗುತ್ತಾನೆ ಎಂಬ ಆಸೆಯಿಂದ ಹೊರಟಿದ್ದರೆ ಇನ್ನೊಂದು ಮಾತು. ಹದಿನೈದು ದಿನದಲ್ಲಿ ನನಗೆ ಅಂಥದ್ದೇನೂ ಆಗಲಿಲ್ಲ. ಬೆನ್ನು ನೋವು ಬಂತು, ಬೆರಳ ತುದಿ ಸೋಪಿಗೆ ಬಿರಿಯಿತು. ಮದರ್ ಅವರ ಪತ್ರಗಳು 2007ರಲ್ಲಿ ಪ್ರಕಟವಾದಾಗ, ದಶಕಗಳ ಕಾಲ ಅವರಿಗೆ ಪ್ರಾರ್ಥನೆಯಲ್ಲಿ ಬರೀ ಕತ್ತಲೆಯೇ ಕಾಣುತ್ತಿತ್ತೆಂದು ಜಗತ್ತಿಗೆ ತಿಳಿಯಿತು. ಅಷ್ಟು ವರ್ಷ ಆ ಕತ್ತಲೆಯಲ್ಲೇ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಿದ್ದರು. ಹಾಗಾಗಿ ಏನೂ ಅನ್ನಿಸದಿದ್ದರೆ ಗಾಬರಿಯಾಗಿ, ಬೇಗ ವಾಪಸಾಗಲು ಟಿಕೆಟ್ ಬದಲಾಯಿಸಬೇಡಿ.

ಒಯ್ಯಬೇಕಾದದ್ದು ಕಡಿಮೆ. ಹಳೆಯ, ಮೈ ಮುಚ್ಚುವ ಹತ್ತಿ ಬಟ್ಟೆ ಎರಡು ಮೂರು ಜೊತೆ, ನೀರಿಗೆ ಹೆದರದ ಚಪ್ಪಲಿ. ಹೊರಡುವ ಮುಂಚೆ ಡಾಕ್ಟರನ್ನು ಕಂಡು ಧನುರ್ವಾಯು, ಹೆಪಟೈಟಿಸ್ ಲಸಿಕೆಗಳ ಬಗ್ಗೆ ಕೇಳಿ. ಜ್ವರ, ಕೆಮ್ಮು ಇದ್ದ ದಿನ ವಾರ್ಡಿಗೆ ಕಾಲಿಡಬೇಡಿ. ಮನೆಗಳೊಳಗೆ ಫೋಟೋ ತೆಗೆಯುವಂತಿಲ್ಲ, ಇದು ತುಂಬ ಒಳ್ಳೆಯ ನಿಯಮ. ನಮ್ಮೂರಲ್ಲಿ ಅಕ್ಕಿ ಕೊಡುವಾಗ ಚೀಲದ ಎರಡೂ ಬದಿ ಜನ ನಿಂತು ಕ್ಯಾಮೆರಾ ನೋಡುವುದು ನೆನಪಾಗಿ ಮುಜುಗರವಾಯಿತು. ಆ ಫೋಟೋಗಳಲ್ಲಿ ನಾನೂ ಇದ್ದೇನೆ.

ಬಂಗಾಳಿ ಬಾರದಿದ್ದರೂ ನಡೆಯುತ್ತದೆ. ‘ಆಸ್ತೆ ಆಸ್ತೆ’ ಅಂದರೆ ಮೆಲ್ಲಗೆ, ‘ಬ್ಯಾಥಾ’ ಅಂದರೆ ನೋವು. ನಮ್ಮ ಜಲ ಅವರ ಬಾಯಲ್ಲಿ ‘ಜೋಲ್’. ಕೊನೆಯ ದಿನ ಮುದುಕಿ ನನ್ನನ್ನು ಗುರುತು ಹಿಡಿಯಲಿಲ್ಲ, ಲೋಟ ತೋರಿಸಿ ‘ಜೋಲ್’ ಎಂದರು. ತಂದು ಹಿಡಿದೆ. ಅರ್ಧ ಕುಡಿದು, ಸಾಕೆಂದು ಕೈಯಲ್ಲಿ ದೂಡಿ, ಗೋಡೆ ಕಡೆ ತಿರುಗಿ ಮಲಗಿದರು.