ಟಗರಿನ ಕೊಂಬಿನೊಳಗಿನ ಮೆಟ್ಟಿಲು

ಕೊನೆಗೂ ದನಿ ಬಂತು! ಬರೀ ಗಾಳಿಯ ಸದ್ದಲ್ಲ, ನಿಜವಾದ ತೆಕಿಯಾ, ಅಂದರೆ ಕೊಂಬಿನ ಒಂದೇ ಊದಿನ ದನಿ. ಉದ್ದಕ್ಕೆ, ಎಲ್ಲೂ ಕಡಿಯದೆ. ಪಕ್ಕದ ಮನೆಯ ನಾಯಿ ಕೂಡ ಜೊತೆಗೆ ಕೂಗಿತು.

ಈ ಸಲ ನಮ್ಮ ಯಹೂದಿ ಹೊಸ ವರ್ಷದ ಹಬ್ಬ ರೋಶ್ ಹಶಾನಾಗೆ ನನ್ನ ಕೈಯಾರೆ ಮಾಡಿದ ಶೋಫಾರ್, ಅಂದರೆ ಆ ಹಬ್ಬದಲ್ಲಿ ಊದುವ ಕೊಂಬು, ಇರಬೇಕು ಅಂತ ಆಸೆ. ಕೊಂಬು ಬೇಯಿಸಿದ್ದು, ಒಳಗಿನ ಮೂಳೆ ತೆಗೆದದ್ದು, ತೊಳೆದದ್ದು ಯಾವುದನ್ನೂ ಇಲ್ಲಿ ಬರೆಯಲ್ಲ. ಕೊಂಬಿನ ಕೆಲಸ ಮಾಡಿದವರಿಗೆ ಅದೆಲ್ಲ ಗೊತ್ತು, ಆ ವಾಸನೆಯೂ ಗೊತ್ತು.

ಆದರೆ ಕೊಂಬು ಮಾರಿದವರ ಬಗ್ಗೆ ಹೇಳಲೇಬೇಕು. ಬಂದ ಎರಡರಲ್ಲಿ ಒಂದು ಉದ್ದಕ್ಕೆ ಸೀಳಿತ್ತು. ಸೀಳಿಗೆ ಅಂಟು ತುಂಬಿ, ಮೇಲೆ ಪಾಲಿಶ್ ಹೊಡೆದು ಕಳಿಸಿದ್ದಾರೆ. ಚಾಕುವಿನ ಹಿಡಿಗೋ ಗುಂಡಿಗೋ ಆದರೆ ನಡೆಯುತ್ತಿತ್ತು. ಸೀಳಿ ಅಂಟಿಸಿದ ಶೋಫಾರ್ ಅನರ್ಹ ಅಂತ ನಮ್ಮ ಹಳೆಯ ಧರ್ಮಶಾಸ್ತ್ರ ಮಿಶ್ನಾದಲ್ಲೇ ಇದೆ. ಯಾವುದಕ್ಕೆ ಬೇಕು ಅಂತ ಬಿಡಿಸಿ ಹೇಳಿದ ಮೇಲೂ ಹೀಗೆ ಮಾಡಿದರೆ ಸಿಟ್ಟು ಬರಲ್ವಾ? ದುಡ್ಡು ವಾಪಸ್ ಕೇಳಿದ್ದೇನೆ, ಇನ್ನೂ ಉತ್ತರವಿಲ್ಲ.

ಉಳಿದ ಕೊಂಬಿನದೇ ನಿಜವಾದ ಗೋಳು. ಬುಡದ ಕಡೆ ಪೊಳ್ಳು, ತುದಿ ಗಟ್ಟಿ, ಮಧ್ಯೆ ಬಾಗು. ಡ್ರಿಲ್ ಬಿಟ್ ಬಾಗುವುದಿಲ್ಲವಲ್ಲ. ಬುಡದಿಂದ ತಂತಿ ತೂರಿಸಿ, ಪೊಳ್ಳು ಎಲ್ಲಿ ಮುಗಿಯುತ್ತೆ ಅಂತ ಹೊರಗಡೆ ಗುರುತು ಹಾಕಿಕೊಂಡೆ. ಹೀಟ್ ಗನ್‌ನಿಂದ ತುದಿಯನ್ನಷ್ಟೇ ಕಾಯಿಸಿ ನೇರ ಮಾಡಿ, ವೈಸ್‌ನಲ್ಲಿ ಕಚ್ಚಿಸಿ ತಣ್ಣಗಾಗಲು ಬಿಟ್ಟೆ. ಉಳಿದ ಬಾಗನ್ನು ಮುಟ್ಟಲಿಲ್ಲ. ರೋಶ್ ಹಶಾನಾಗೆ ಬಾಗಿದ ಕೊಂಬೇ ಮೇಲು ಅನ್ನುವ ಮಾತು ಮಿಶ್ನಾವನ್ನು ಚರ್ಚಿಸುವ ಗ್ರಂಥ ತಾಲ್ಮುದ್‌ನಲ್ಲಿದೆ, ಆ ದಿನ ಮನಸ್ಸು ಬಾಗಿದಷ್ಟೂ ಒಳ್ಳೇದು ಅಂತ.

8 ಮಿ.ಮೀ. ತೂತು ಪೊಳ್ಳಿಗೆ ಸರಿಯಾಗಿ ಹೋಗಿ ಸೇರಿತು. ಊದಿದರೆ ಬರೀ ಬುಸ್ ಅನ್ನುತ್ತೆ! ಗಟ್ಟಿಯಾಗಿ ಊದಿದಾಗ ತೆಕಿಯಾ ಚೂರು ಕೇಳಿಸಿತು. ತೆರುವಾ ಅನ್ನುವ ತುಂಡು ತುಂಡು ಊದಿನ ಒಂಬತ್ತು ಬಿಕ್ಕುಗಳು ಮಾತ್ರ ಒಂದಕ್ಕೊಂದು ಅಂಟಿಕೊಂಡವು. ಬುಡದ ಕಡೆಯಿಂದ ಸಣ್ಣ ಟಾರ್ಚ್ ಹಾಕಿ ನೋಡಿದೆ. ಸಣ್ಣ ತೂತು ಅಗಲ ಪೊಳ್ಳಿಗೆ ತೆರೆದುಕೊಳ್ಳುವಲ್ಲಿ ಒಂದು ಮೆಟ್ಟಿಲು, ಒಂದು ಪಕ್ಕಕ್ಕೆ ಚೂಪಾಗಿ. ಉಸಿರು ಅಲ್ಲಿ ಎಡವುತ್ತಿತ್ತು.

ಎಪಾಕ್ಸಿ ಅಂಟು ತುಂಬಿ ಸಮ ಮಾಡಬಹುದಲ್ಲ ಅನ್ನುತ್ತೀರಿ. ಬೇಡ. ಶೋಫಾರ್ ಅಂದರೆ ಕೊಂಬು ಮಾತ್ರ, ಊದುವ ಕಡೆ ಚಿನ್ನ ಲೇಪಿಸಿದರೂ ಅದು ಕೆಟ್ಟ ಹಾಗೆ. ದೊಡ್ಡ ಬಿಟ್ ಹಾಕಿದರೆ ಪಕ್ಕದ ಗೋಡೆ ಒಡೆದು ಹೊರಬರುವ ಭಯ. ಕೊನೆಗೆ ಕೆಲಸಕ್ಕೆ ಬಂದದ್ದು ಹಳೆಯ ಸೈಕಲ್ ಬ್ರೇಕ್ ಕೇಬಲ್. ತುದಿಗೆ ಉಪ್ಪುಕಾಗದ ಸುತ್ತಿ, ದಾರ ಬಿಗಿದು, ಬುಡದಿಂದ ತೂರಿಸಿದರೆ ಬಾಗಿನ ಜೊತೆಗೇ ಬಾಗಿ ಹೋಗುತ್ತೆ. ಕೈಯಲ್ಲೇ ತಿರುಗಿಸಬೇಕು. ನಾಲ್ಕು ಸುತ್ತು, ಪುಡಿ ಕೊಡವು, ಊದಿ ನೋಡು. ಟಾರ್ಚ್ ಒಳಗೆ ಹಿಡಿದರೆ ಗೋಡೆ ತೆಳುವಾದ ಕಡೆ ಜೇನಿನ ಬಣ್ಣಕ್ಕೆ ಬೆಳಗುತ್ತೆ. ಆ ಬಣ್ಣ ತಿಳಿಯಾದ ತಕ್ಷಣ ಅಲ್ಲಿ ಉಜ್ಜುವುದನ್ನು ನಿಲ್ಲಿಸಬೇಕು.

ಹೀಗೆ ಉಜ್ಜುತ್ತಾ ಹಬ್ಬದ ಹಿಂದಿನ ಎಲೂಲ್ ತಿಂಗಳು ಅರ್ಧ ಕಳೆಯಿತು. ಯುರೋಪ್ ಮೂಲದ ಯಹೂದಿಗಳಾದ ಅಷ್ಕೆನಜಿಗಳು ಈ ತಿಂಗಳು ವಾರದ ದಿನಗಳಲ್ಲಿ ಬೆಳಗಿನ ಪ್ರಾರ್ಥನೆಯಾದ ಮೇಲೆ ಶೋಫಾರ್ ಊದುತ್ತಾರೆ. ಭಾರತ ಮೂಲದ ಯಹೂದಿಗಳಾದ ನಮ್ಮ ಬೆನೆ ಇಸ್ರೇಲಿಗಳ ಸಿನಗಾಗ್‌ನಲ್ಲಿ, ಅಂದರೆ ಪ್ರಾರ್ಥನಾ ಮಂದಿರದಲ್ಲಿ, ಸ್ಪೇನ್ ಮೂಲದ ಸೆಫರ್ದಿ ಪದ್ಧತಿ. ನಸುಕಿಗೆ ಎದ್ದು ಸೆಲಿಖೋತ್, ಅಂದರೆ ಕ್ಷಮೆ ಬೇಡುವ ಪ್ರಾರ್ಥನೆ. ಅಲ್ಲಿ ಕೂತಾಗಲೂ ನನ್ನ ತಲೆಯಲ್ಲಿ ಮೆಟ್ಟಿಲೇ ಓಡುತ್ತಿತ್ತು.

ಆಗ ಎರಡು ಮಾತು ಮತ್ತೆ ಓದಿದೆ. ಮೊದಲನೆಯದು ತಾಲ್ಮುದ್‌ದು. ದನಿ ದಪ್ಪವೋ, ತೆಳುವೋ, ಒಣಕಲೋ, ಶೋಫಾರ್‌ನ ಎಲ್ಲ ದನಿಯೂ ಯೋಗ್ಯ. ಎರಡನೆಯದು ಮಧ್ಯಯುಗದ ಯಹೂದಿ ಪಂಡಿತ ಮೈಮೊನಿಡೀಸ್‌ದು. ಅಭ್ಯಾಸಕ್ಕಾಗಿ ಊದಿದರೆ ವಿಧಿ ಸಲ್ಲುವುದಿಲ್ಲ. ಊದುವವರಿಗೂ ಸಂಕಲ್ಪ ಇರಬೇಕು, ಕೇಳುವವರಿಗೂ ಇರಬೇಕು. ಅಂದರೆ ಗ್ಯಾರೇಜಿನಲ್ಲಿ ಎಷ್ಟು ಚೆನ್ನಾಗಿ ಊದಿದರೂ ಅದು ಸದ್ದು ಅಷ್ಟೇ. ಕೊಂಬು ಸಿದ್ಧವಾಯಿತು ಅಂತ ಊದುವವನು ಸಿದ್ಧನಾಗಿಬಿಡಲ್ಲ. ಅದು ಬೇರೆಯದೇ ಕೆಲಸ, ಅದಕ್ಕೂ ದಿನಾ ಸಮಯ ಕೊಡಬೇಕು. ನನಗೆ ಈ ಹಬ್ಬದ ತಯಾರಿ ಅಂದರೆ ಇದೇ.

ಇನ್ನೊಂದು ಮೊಂಡು ಕೆಲಸ ಬೆಂಗಳೂರಿನಲ್ಲಿತ್ತು. ದೊಡ್ಡಪ್ಪನ ಮಗನ ಜೊತೆ ಮಾತು ನಿಂತು ಬಹಳ ಕಾಲವಾಗಿತ್ತು. ಮನುಷ್ಯರ ನಡುವಿನ ತಪ್ಪನ್ನು, ಆ ಮನುಷ್ಯನನ್ನೇ ಒಲಿಸಿಕೊಳ್ಳುವ ತನಕ, ಪ್ರಾಯಶ್ಚಿತ್ತದ ಉಪವಾಸದ ದಿನ ಯೋಮ್ ಕಿಪ್ಪೂರ್ ಕೂಡ ತೊಳೆಯುವುದಿಲ್ಲ ಅನ್ನುತ್ತೆ ಮಿಶ್ನಾ. ಎಷ್ಟು ಉಪವಾಸ ಮಾಡಿದರೂ ಅಷ್ಟೇ. ಫೋನ್ ಮಾಡಿದೆ. "ಅಣ್ಣಾ, ನನ್ನ ಮೇಲೆ ಬೇಜಾರಿದ್ದರೆ ಕ್ಷಮಿಸಿಬಿಡು" ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ "ಅಮ್ಮನಿಗೂ ಮಾತಾಡು, ಕೊಡ್ತೀನಿ" ಅಂದ. ದೊಡ್ಡಮ್ಮ ಹತ್ತು ನಿಮಿಷ ಅತ್ತರು, ಆಮೇಲೆ ಊಟ ಏನು ಅಂತ ಕೇಳಿದರು.

ಅಂದ ಹಾಗೆ, ಮುಂದಿನ ಕೆಲಸ ಸುಕ್ಕಾ, ಸುಕ್ಕೋತ್ ಹಬ್ಬಕ್ಕೆ ಕಟ್ಟುವ ತಾತ್ಕಾಲಿಕ ಗುಡಿಸಲು. ಯೋಮ್ ಕಿಪ್ಪೂರ್ ಎಲೂಲ್ ಆದ ಮೇಲೆ ಬರುವ ತಿಶ್ರಿ ತಿಂಗಳ 10ಕ್ಕೆ, ಸುಕ್ಕೋತ್ 15ಕ್ಕೆ, ನಡುವೆ ಸಮಯ ಕಡಿಮೆ. ಮೂಲದಲ್ಲಿ ನಮ್ಮ ಚಪ್ಪರವೇ, ಆದರೆ ಲೆಕ್ಕ ಬಿಗಿ. ಒಳಗೆ ಬಿಸಿಲಿಗಿಂತ ನೆರಳು ಜಾಸ್ತಿ ಇರಬೇಕು, ಹೊದಿಕೆ ನೆಲದಲ್ಲಿ ಬೆಳೆದದ್ದೇ ಆಗಿರಬೇಕು, ಮೇಲೆ ತೆರೆದ ಆಕಾಶ ಇರಬೇಕು. ಇಲ್ಲಿ ಇಸ್ರೇಲಿನ ಅಶ್ದೋದ್‌ನಲ್ಲಿ ನಮ್ಮ ಬಾಲ್ಕನಿಯ ಅರ್ಧಕ್ಕೆ ಮೇಲಿನ ಮನೆಯ ಬಾಲ್ಕನಿ ಅಡ್ಡ. ಉಳಿದರ್ಧದಲ್ಲಿ ನಾಲ್ಕು ಜನ ಊಟಕ್ಕೆ ಕೂರಬೇಕು. ಮಡಚುವ ಚೌಕಟ್ಟಿನ ಚಿತ್ರ ಬರೆಯುತ್ತಿದ್ದೇನೆ. ತಾಳೆ ಗರಿ ಈಗಲೇ ಹೇಳಿಡಬೇಕು, ಹಬ್ಬ ಹತ್ತಿರ ಬಂದರೆ ಬಾಯಿಗೆ ಬಂದ ರೇಟು.

ಮತ್ತೆ ಕೊಂಬಿಗೆ. ಮೆಟ್ಟಿಲು ಪೂರ್ತಿ ಹೋಗಿಲ್ಲ, ಚೂಪು ಹೋಗಿದೆ. ತೆರುವಾ ಬಿಡಿಬಿಡಿಯಾಗಿ ಬರುತ್ತಿದೆ. ದನಿ ಸ್ವಲ್ಪ ಒಣಕಲು. ಇನ್ನು ಉಜ್ಜಲ್ಲ, ಹೊರಗೂ ಪಾಲಿಶ್ ಹಾಕಲ್ಲ. 2026ರಲ್ಲಿ ಹಬ್ಬದ ಮೊದಲ ದಿನ ಸೆಪ್ಟೆಂಬರ್ 12, ಶನಿವಾರ. ಶನಿವಾರದ ವಿಶ್ರಾಂತಿ ದಿನವಾದ ಶಬ್ಬಾತ್‌ನಲ್ಲಿ ಊದುವಂತಿಲ್ಲ, ಹಾಗಾಗಿ ಹಬ್ಬದ ಎರಡನೇ ದಿನ, ಭಾನುವಾರ, ಒಂದೇ ದಿನ ಅವಕಾಶ. ನಮ್ಮಲ್ಲಿ ಊದುವ ಹಿರಿಯರು ಗುರುವಾರ ಬಂದು ಕೊಂಬನ್ನು ಬೆಳಕಿಗೆ ಹಿಡಿದು ಕೂದಲೆಳೆಯ ಸೀಳಾದರೂ ಇದೆಯಾ ಅಂತ ನೋಡುತ್ತಾರೆ. ಅವರು ಒಪ್ಪಿದರೆ ಭಾನುವಾರ ಅವರ ಕೈಯಲ್ಲಿ ಇದೇ ಕೊಂಬು.