ಚೆನ್ನಾಗಿ ಬಿಡಿಸಿದ ಕಾರ್ಟೂನ್ ಯಾಕೆ ನಿಂತುಹೋಗುತ್ತದೆ?

ನಾನು ಕಾರ್ಟೂನ್ ಸರಣಿಗಳ ಬಗ್ಗೆ ಬರೆಯುತ್ತೇನೆ ಅಂತ ಗೊತ್ತಾದವರೆಲ್ಲ ಒಂದಲ್ಲ ಒಂದು ಸಲ ಇದನ್ನು ಕೇಳಿಯೇ ಕೇಳುತ್ತಾರೆ: "ಅಷ್ಟು ಚೆಂದ ಬಿಡಿಸಿದ ಸರಣಿ ಒಂದೇ ಸೀಸನ್‌ಗೆ ಮುಗಿದುಹೋಗುತ್ತೆ. ಮಕ್ಕಳು ಗೀಚಿದ ಹಾಗಿರೋದು ಇಪ್ಪತ್ತು ವರ್ಷ ಓಡುತ್ತೆ. ಯಾಕೆ?"

ಚಿತ್ರದ ಅಂದಕ್ಕೂ ಸರಣಿಯ ಆಯಸ್ಸಿಗೂ ನಂಟು ಬಹಳ ಕಡಿಮೆ. ನೋಡುವವರು ಯಾರು, ದುಡ್ಡು ಹಾಕುವವರು ಯಾರು, ಈ ಇಬ್ಬರ ಲೆಕ್ಕ ಕೂಡಿಬಂದರೆ ಸರಣಿ ಓಡುತ್ತದೆ. ತಪ್ಪಿದರೆ ನಿಲ್ಲುತ್ತದೆ. ಕಥೆ ಬೇಡವಾ ಅಂದರೆ, ಖಂಡಿತ ಬೇಕು. ಆದರೆ ಒಳ್ಳೆಯ ಕಥೆ ಇದ್ದೂ ನಿಂತ ಸರಣಿಗಳು ಬೇಕಾದಷ್ಟಿವೆ.

ಚಿತ್ರದ ವಿಷಯ ಮೊದಲು ಮುಗಿಸಿಬಿಡೋಣ. ವಿಲಿಯಂ ಹ್ಯಾನ ಮತ್ತು ಜೋಸೆಫ್ ಬಾರ್ಬೆರಾ ಥಿಯೇಟರಿಗಾಗಿ ಟಾಮ್ ಅಂಡ್ ಜೆರ್ರಿ ಮಾಡುತ್ತಿದ್ದವರು. 1957ರಲ್ಲಿ ಎಂಜಿಎಂ ಸಿನಿಮಾ ಕಂಪನಿ ತನ್ನ ಕಾರ್ಟೂನ್ ವಿಭಾಗವನ್ನೇ ಮುಚ್ಚಿತು. ಇಬ್ಬರೂ ಟಿವಿಗೆ ಬಂದರು. ಅಲ್ಲಿ ಸಿಗುತ್ತಿದ್ದ ದುಡ್ಡು ಮೊದಲಿನದರ ಒಂದು ಸಣ್ಣ ಪಾಲು ಅಷ್ಟೇ. ಹಾಗಾಗಿ ಅವರು ಚಲನೆಯನ್ನೇ ಕಡಿಮೆ ಮಾಡಿದರು. ಅವರ 'ಯೋಗಿ' ಅನ್ನುವ ಕರಡಿ ಮೈಮೇಲೆ ಅಂಗಿ ಇಲ್ಲದಿದ್ದರೂ ಕೊರಳಿಗೆ ಕಾಲರ್, ಟೈ ಹಾಕಿಕೊಂಡಿರುತ್ತದೆ, ನೋಡಿದ್ದೀರಲ್ವಾ? ತಲೆ ಮತ್ತು ಮೈ ಸೇರುವ ಗೆರೆ ಅದರ ಹಿಂದೆ ಅಡಗುತ್ತದೆ. ಮೈಯನ್ನು ಹಾಗೇ ಬಿಟ್ಟು ತಲೆ ಒಂದನ್ನೇ ಮತ್ತೆ ಮತ್ತೆ ಬಿಡಿಸಿದರೆ ಸಾಕು. ಪಾತ್ರ ಓಡುವಾಗ ಹಿಂದೆ ಅದೇ ಮರ, ಅದೇ ಬಂಡೆ ತಿರುಗಿ ತಿರುಗಿ ಬರುತ್ತದೆ. ಚಿತ್ರ ಕುಣಿಯದಿದ್ದಾಗ ಪೂರ್ತಿ ಭಾರ ಮಾತಿನ ಮೇಲೆ, ಧ್ವನಿಯ ಮೇಲೆ ಬಿತ್ತು.

ಇದೇ ಕಂಜೂಸು ವಿಧಾನದಲ್ಲಿ ಅವರು 1960ರಲ್ಲಿ 'ದಿ ಫ್ಲಿಂಟ್‌ಸ್ಟೋನ್ಸ್' ಮಾಡಿದರು. ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ ಅದು ಆರು ಸೀಸನ್, 166 ಕಂತು ನಡೆಯಿತು. ಪ್ರಸಾರ ಆಗುತ್ತಿದ್ದದ್ದು ರಾತ್ರಿ, ಮನೆಮಂದಿಯೆಲ್ಲ ಕೂರುವ ಹೊತ್ತಿಗೆ. ಶುರುವಿನಲ್ಲಿ ಪ್ರಾಯೋಜಕರಾಗಿದ್ದದ್ದು ವಿನ್‌ಸ್ಟನ್ ಸಿಗರೇಟು. ಸರಣಿಯ ಪಾತ್ರಗಳಾದ ಫ್ರೆಡ್ ಮತ್ತು ಬಾರ್ನಿಯೇ ಜಾಹೀರಾತಿನಲ್ಲಿ ಸಿಗರೇಟು ಸೇದುತ್ತಿದ್ದರು! ಈಗ ನೋಡಿದರೆ ಗಾಬರಿಯಾಗುತ್ತದೆ. ಆದರೆ ಆ ಸರಣಿ ಯಾರಿಗಾಗಿ ಇತ್ತು ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ. ಗಂಡ ಹೆಂಡತಿ ಜಗಳ, ಬಾಸ್‌ನ ಕಾಟ, ಪಕ್ಕದ ಮನೆಯ ಗೆಳೆಯ, ಎಲ್ಲವೂ ದೊಡ್ಡವರ ಕಥೆಗಳೇ.

1997ರ 'ಸೌತ್ ಪಾರ್ಕ್' ಇನ್ನೂ ಒರಟು. ಕಾಗದ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಆ ಒರಟುತನವೇ ಅದನ್ನು ಮಾಡುವವರಿಗೆ ಲಾಭ. ಬಹುಪಾಲು ಕಂತುಗಳನ್ನು ಆರು ದಿನದಲ್ಲಿ ಮುಗಿಸುತ್ತಾರೆ. ಹೋದ ವಾರದ ಸುದ್ದಿ ಈ ವಾರದ ಕಥೆಯಲ್ಲಿ ಬಂದಿರುತ್ತದೆ. ಚಂದ ಬಿಡಿಸುತ್ತಾ ಕೂತಿದ್ದರೆ ಇದು ಆಗುತ್ತಲೇ ಇರಲಿಲ್ಲ.

ಉಲ್ಟಾ ಉದಾಹರಣೆ ಬೇಕಾ? 2004ರಲ್ಲಿ ಎನ್‌ಬಿಸಿ 'ಫಾದರ್ ಆಫ್ ದ ಪ್ರೈಡ್' ತಂದಿತು. ಡ್ರೀಮ್‌ವರ್ಕ್ಸ್‌ನ ಕಂಪ್ಯೂಟರ್ ಅನಿಮೇಷನ್, ದೊಡ್ಡ ಖರ್ಚು, ದೊಡ್ಡ ಪ್ರಚಾರ. ಸಿಂಹಗಳು ಮಕ್ಕಳ ಸಿನಿಮಾದಿಂದ ಇಳಿದು ಬಂದ ಹಾಗಿದ್ದವು, ಜೋಕುಗಳು ಮಾತ್ರ ಮಕ್ಕಳ ಮುಂದೆ ಆಡುವಂಥವಲ್ಲ. ಯಾರ ಜೊತೆ ಕೂತು ನೋಡಬೇಕು? ಒಂದೇ ಸೀಸನ್‌ಗೆ ಕಥೆ ಮುಗಿಯಿತು.

ನನಗೆ ತುಂಬ ಇಷ್ಟವಾದ ಉದಾಹರಣೆ ಡೋರೆಮಾನ್. ಬಹಳ ಜನಕ್ಕೆ ಗೊತ್ತಿಲ್ಲ, ಡೋರೆಮಾನ್ ಒಮ್ಮೆ ಸೋತಿತ್ತು. 1973ರಲ್ಲಿ ಜಪಾನಿನ ನಿಪ್ಪಾನ್ ಟಿವಿಯಲ್ಲಿ ಬಂದು, ಆರು ತಿಂಗಳಿಗೇ ನಿಂತುಹೋಯಿತು. ಪಾತ್ರಗಳು ಅವೇ. ನೊಬಿತಾ ಅದೇ ಸೋಮಾರಿ, ಜಿಯಾನ್ ಅದೇ ಪುಂಡ. ಆದರೆ ಭಾನುವಾರ ಸಂಜೆ ಅದೇ ಹೊತ್ತಿಗೆ ಇನ್ನೊಂದು ಚಾನೆಲ್‌ನಲ್ಲಿ 'ಮಝಿಂಗರ್ ಝಡ್' ಬರುತ್ತಿತ್ತು. ಮಾಳಿಗೆ ಎತ್ತರದ ರೋಬೋ ಗುದ್ದಾಡುವಾಗ ನೀಲಿ ಬೆಕ್ಕಿನ ಸಣ್ಣ ತಮಾಷೆ ಯಾರಿಗೆ ಬೇಕು? ಮೇಲಾಗಿ ಡೋರೆಮಾನ್‌ಗೆ ಮೊದಮೊದಲು ಒಬ್ಬ ಗಂಡಸಿನ ದಪ್ಪ ಧ್ವನಿ ಕೊಟ್ಟಿದ್ದರು, ಮಧ್ಯದಲ್ಲಿ ಬದಲಿಸಿದರು. ಅದನ್ನು ಮಾಡಿದ ಸ್ಟುಡಿಯೋ ಕೂಡ ಬಾಗಿಲು ಹಾಕಿತು.

1979ರಲ್ಲಿ ಟಿವಿ ಅಸಾಹಿ ಮತ್ತೆ ಶುರುಮಾಡಿತು. ಈ ಸಲ ಸಂಜೆ ಹತ್ತು ಹತ್ತು ನಿಮಿಷ, ಭಾನುವಾರ ಬಿಟ್ಟು ದಿನಾ. ಡೋರೆಮಾನ್ ಕಥೆ ಅಂದರೆ ಏನು? ನೊಬಿತಾ ಅಳುತ್ತಾನೆ, ಒಂದು ಸಾಧನ ಸಿಗುತ್ತದೆ, ಅದನ್ನು ಅತಿ ಮಾಡುತ್ತಾನೆ, ಸಿಕ್ಕಿಬೀಳುತ್ತಾನೆ. ಇದು ವಾರಕ್ಕೊಮ್ಮೆ ಕಾದು ನೋಡುವ ಕಥೆಯಲ್ಲ, ದಿನಾ ಒಂದಿಷ್ಟು ನೋಡುವ ಕಥೆ. ಅಷ್ಟರಲ್ಲಿ 1977ರಲ್ಲಿ ಶುರುವಾದ 'ಕೊರೊಕೊರೊ' ಪತ್ರಿಕೆ ತುಂಬಾ ಡೋರೆಮಾನ್ ಕಾಮಿಕ್ಸ್ ಹಾಕಿ, ಓದುವ ಮಕ್ಕಳ ದಂಡನ್ನೇ ತಯಾರು ಮಾಡಿಟ್ಟಿತ್ತು. ನೊಬುಯೊ ಒಯಾಮಾ ಅವರ ಧ್ವನಿ ಎಷ್ಟು ಒಪ್ಪಿತು ಅಂದರೆ, ಅವರು 2005ರವರೆಗೆ ಆ ಪಾತ್ರ ಬಿಡಲಿಲ್ಲ. ಬೆಕ್ಕು ಅದೇ, ಕಥೆಯೂ ಅದೇ. ಹೊತ್ತು, ಧ್ವನಿ, ಕಾಯುತ್ತಿದ್ದ ಮಕ್ಕಳು, ಇವಷ್ಟೇ ಬೇರೆ.

ಇನ್ನು ದುಡ್ಡಿನ ಕಥೆ. ಟಿವಿ ಕಾರ್ಟೂನ್‌ಗೆ ಎಷ್ಟೋ ಸಲ ದುಡ್ಡು ಹಾಕುವವರು ಆಟಿಕೆ ಕಂಪನಿಯವರು. 1983ರ 'ಹೀ-ಮ್ಯಾನ್' ಮ್ಯಾಟೆಲ್ ಆಟಿಕೆಗಳಿಗಾಗಿಯೇ ಹುಟ್ಟಿದ ಸರಣಿ. ಮೊದಲ ಸೀಸನ್‌ಗೆ 65 ಕಂತು. ಈ ಸಂಖ್ಯೆ ಸುಮ್ನೆ ಬಂದದ್ದಲ್ಲ. ವಾರಕ್ಕೆ ಐದು ದಿನದಂತೆ ಹದಿಮೂರು ವಾರ ಹಾಕಿ, ಮತ್ತೆ ಮೊದಲಿಂದ ತಿರುಗಿಸಲು ಸರಿಹೋಗುವ ಲೆಕ್ಕ. ಅಷ್ಟು ಕಂತು ಬಿಡಿಸಲು ಹೋದಾಗ ಒಂದೇ ಓಟ, ಒಂದೇ ಗುದ್ದು ಎಲ್ಲ ಕಡೆ ಮರಳಿ ಬರುತ್ತದೆ. ಮಕ್ಕಳು ತಲೆಕೆಡಿಸಿಕೊಳ್ಳಲಿಲ್ಲ. ನೋಡುವ ಮಗು, ಆಟಿಕೆ ಬೇಕು ಅನ್ನುವ ಮಗು ಇಬ್ಬರೂ ಒಬ್ಬರೇ ಆಗಿದ್ದರಿಂದ ಲೆಕ್ಕ ಸರಿಯಾಯಿತು.

ಅದೇ ಲೆಕ್ಕ 'ಗುಂಡಾಮ್'ನಲ್ಲಿ ತಪ್ಪಿತು. 1979ರಲ್ಲಿ ಶುರುವಾದ ಜಪಾನೀ ಸರಣಿ ಇದು. ಪ್ರಾಯೋಜಕರು ಕ್ಲೋವರ್ ಅನ್ನುವ ಆಟಿಕೆ ಕಂಪನಿ. ಅವರಿಗೆ ಬೇಕಾಗಿದ್ದದ್ದು ಚಿಕ್ಕ ಮಕ್ಕಳು ಕೊಳ್ಳುವ ರೋಬೋ. ಆದರೆ ನಿರ್ದೇಶಕ ಯೋಶಿಯುಕಿ ತೊಮಿನೊ ಮಾಡಿದ್ದು ಯುದ್ಧದ ಕಥೆ. ನಾಯಕನಿಗೆ ಯುದ್ಧವೇ ಬೇಡ, ಎದುರಾಳಿಗಳಲ್ಲೂ ಒಳ್ಳೆಯವರಿದ್ದಾರೆ. ಇದನ್ನು ಹಚ್ಚಿಕೊಂಡವರು ಹೈಸ್ಕೂಲು, ಕಾಲೇಜು ವಯಸ್ಸಿನವರು. ಅವರು ಆ ಆಟಿಕೆ ಕೊಳ್ಳುತ್ತಾರಾ? 52 ಕಂತು ಅಂದುಕೊಂಡದ್ದನ್ನು 43ಕ್ಕೆ ಮುಗಿಸಬೇಕಾಯಿತು.

ಆಮೇಲೆ ಮರುಪ್ರಸಾರ ಶುರುವಾಯಿತು. ನೋಡುವವರು ಹೆಚ್ಚಾದರು. 1980ರಲ್ಲಿ ಬಂದಾಯ್ ಕಂಪನಿ ಬಿಡಿ ಭಾಗ ಜೋಡಿಸಿ ಕಟ್ಟುವ ಪ್ಲಾಸ್ಟಿಕ್ ಮಾಡೆಲ್‌ಗಳನ್ನು ತಂದಿತು. ಆ ವಯಸ್ಸಿನವರಿಗೆ ಬೇಕಾಗಿದ್ದದ್ದು ಅದೇ. ಸೋತ ಸರಣಿ ಇವತ್ತಿಗೂ ನಡೆಯುವ ದೊಡ್ಡ ವ್ಯಾಪಾರವಾಯಿತು. ಒಂದು ಕಂತನ್ನೂ ಮತ್ತೆ ಬಿಡಿಸಿ ಸರಿಮಾಡಿದ್ದಲ್ಲ, ಮಾರುವ ವಸ್ತು ಬದಲಾಯಿತು ಅಷ್ಟೇ. ಯಾರಾದರೂ "ಆ ಸರಣಿ ಫೇಲಾಯ್ತು" ಅಂದಾಗ ನನಗೆ ಗುಂಡಾಮ್ ನೆನಪಾಗುತ್ತದೆ. ಯಾರ ಲೆಕ್ಕದಲ್ಲಿ ಫೇಲು ಅಂತ ಕೇಳಬೇಕನಿಸುತ್ತದೆ.

ಗೆದ್ದದ್ದನ್ನು ನಕಲು ಮಾಡಿದವರ ಕಥೆ ಚಿಕ್ಕದು. ಫ್ಲಿಂಟ್‌ಸ್ಟೋನ್ಸ್ ಗೆದ್ದ ಮರುವರ್ಷವೇ ರಾತ್ರಿ ಹೊತ್ತಿನ ಕಾರ್ಟೂನ್‌ಗಳು ಸಾಲಾಗಿ ಬಂದವು. 'ಟಾಪ್ ಕ್ಯಾಟ್' ಸೇರಿ ಮೂರು ಒಂದೊಂದೇ ಸೀಸನ್‌ಗೆ ಮುಗಿದವು. ಮೂವತ್ತು ವರ್ಷದ ಮೇಲೆ 'ದಿ ಸಿಂಪ್ಸನ್ಸ್' ಗೆದ್ದಾಗ ಅದೇ ಆಟ. 1992ರಲ್ಲಿ 'ಕ್ಯಾಪಿಟಲ್ ಕ್ರಿಟರ್ಸ್', 'ಫಿಶ್ ಪೊಲೀಸ್', ಮರುವರ್ಷ 'ಫ್ಯಾಮಿಲಿ ಡಾಗ್'. ಫಿಶ್ ಪೊಲೀಸನ್ನು ಮೂರು ಕಂತಿಗೇ ತೆಗೆದರು. ಚಾನೆಲ್‌ನವರು "ಜನಕ್ಕೆ ಕಾರ್ಟೂನ್ ಬೇಕು" ಅಂತ ಅರ್ಥ ಮಾಡಿಕೊಂಡಿದ್ದರು. ಜನಕ್ಕೆ ಬೇಕಾಗಿದ್ದದ್ದು ಸಿಂಪ್ಸನ್ಸ್ ಮನೆಯ ಅಪ್ಪ ಹೋಮರ್. ಅವನನ್ನು 1987ರಿಂದಲೇ ಬೇರೊಂದು ಕಾರ್ಯಕ್ರಮದ ನಡುವೆ ಬರುವ ಚಿಕ್ಕ ಚಿಕ್ಕ ತುಣುಕುಗಳಲ್ಲಿ ನೋಡಿ ನೋಡಿ ಜನ ಪರಿಚಯ ಮಾಡಿಕೊಂಡಿದ್ದರು.

ಆ ಪರಿಚಯ ಯಾಕೆ ಮುಖ್ಯ ಅಂದರೆ, ಸೌತ್ ಪಾರ್ಕ್‌ನಂಥ ಅಪವಾದ ಬಿಟ್ಟರೆ ಅನಿಮೇಷನ್‌ನಲ್ಲಿ ತಪ್ಪು ತಿದ್ದಿಕೊಳ್ಳಲು ಸಮಯವೇ ಸಿಗುವುದಿಲ್ಲ. ಬರೆದು, ಧ್ವನಿ ಮುದ್ರಿಸಿ, ಸ್ಟೋರಿಬೋರ್ಡ್ (ದೃಶ್ಯಗಳ ಕಚ್ಚಾ ಚಿತ್ರ) ಮಾಡಿ, ಬೇರೆ ದೇಶದ ಸ್ಟುಡಿಯೋಗೆ ಕಳಿಸಿ, ಅದು ತಿರುಗಿ ಬರುವಷ್ಟರಲ್ಲಿ ಎಷ್ಟೋ ತಿಂಗಳು. ಜನ ಮೊದಲ ಕಂತು ನೋಡುವ ಹೊತ್ತಿಗೆ ಸೀಸನ್‌ನ ಉಳಿದ ಕಂತುಗಳು ಬಹುಪಾಲು ಮುಗಿದಿರುತ್ತವೆ. ನಟರಿರುವ ಧಾರಾವಾಹಿಯಲ್ಲಾದರೆ ಮುಂದಿನ ವಾರಕ್ಕೆ ಕಥೆ ತಿರುಗಿಸಬಹುದು, ಇಲ್ಲಿ ಆಗದು. ಸಿಂಪ್ಸನ್ಸ್‌ನದ್ದೇ ಮೊದಲು ತಯಾರಾದ ಕಂತು ಕೊರಿಯಾದಿಂದ ಬಂದಾಗ ಹೆಚ್ಚಿನದನ್ನು ಮತ್ತೆ ಮಾಡಿಸಬೇಕಾಯಿತು. ಅದಕ್ಕೇ 1989ರ ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಕಂತನ್ನು ಮೊದಲು ಹಾಕಿದರು. ಮೊದಲಿನದು ಸೀಸನ್ನಿನ ಕೊನೆಗೆ ಹೋಯಿತು. ಹೋಮರ್‌ನ ಧ್ವನಿ ಕೂಡ ಮೊದಲ ಸೀಸನ್‌ನಲ್ಲಿ ಬೇರೆಯೇ ಇದೆ, ಕೇಳಿ ನೋಡಿ. ಪಾತ್ರ ಹದಕ್ಕೆ ಬರುವುದು ಎರಡನೇ ಸೀಸನ್‌ಗೆ. ಎಷ್ಟೋ ಸರಣಿಗಳು ಅಲ್ಲಿಯವರೆಗೆ ಬದುಕುವುದೇ ಇಲ್ಲ.

ಹಾಗೆ ನಿಂತವನ್ನು ಹಿಂದೆ ಕಾಪಾಡುತ್ತಿದ್ದದ್ದು ಮರುಪ್ರಸಾರ. 'ದಿ ಜೆಟ್ಸನ್ಸ್' 1962ರಲ್ಲಿ ಬಂದು 24 ಕಂತಿಗೇ ನಿಂತಿತು. ಶನಿವಾರ ಬೆಳಿಗ್ಗೆ ಅವೇ 24ನ್ನು ತಿರುಗಿಸಿ ತಿರುಗಿಸಿ ಹಾಕಿದರು, 1985ರಲ್ಲಿ ಹೊಸ ಕಂತುಗಳನ್ನೇ ಮಾಡಿಸಬೇಕಾಯಿತು. 2002ರಲ್ಲಿ ನಿಲ್ಲಿಸಿದ 'ಫ್ಯಾಮಿಲಿ ಗೈ' ರಾತ್ರಿಯ ಮರುಪ್ರಸಾರ ಮತ್ತು ಡಿವಿಡಿ ಮಾರಾಟದ ಬಲದಿಂದ 2005ರಲ್ಲಿ ವಾಪಸ್ ಬಂತು.

ಈಗ ಸ್ಟ್ರೀಮಿಂಗ್ ಕಾಲ. ಎಂಟೋ ಹತ್ತೋ ಕಂತನ್ನು ಒಂದೇ ದಿನ ಹಾಕಿ, ಕೆಲವೇ ವಾರದ ಲೆಕ್ಕ ನೋಡಿ, ಮುಂದಿನ ಸೀಸನ್ ಬೇಕೋ ಬೇಡವೋ ಅಂತ ತೀರ್ಮಾನಿಸುವುದು ಜಾಸ್ತಿಯಾಗಿದೆ. ನಿಧಾನವಾಗಿ ಜನರನ್ನು ಹುಡುಕಿಕೊಳ್ಳುವ ಸರಣಿಗೆ ಇದು ಕೆಟ್ಟ ಕಾಲ ಅಂತಲೇ ನನ್ನ ಅನಿಸಿಕೆ. ಮತ್ತೆ ಮತ್ತೆ ನೋಡಿಸಿಕೊಳ್ಳುವ ಸರಣಿಗೆ ಮಾತ್ರ ಇಷ್ಟು ಒಳ್ಳೆಯ ಕಾಲ ಹಿಂದೆ ಇರಲಿಲ್ಲ. ಆಸ್ಟ್ರೇಲಿಯಾದ 'ಬ್ಲೂಯಿ' ನೋಡಿ. ಒಂದು ಕಂತು ಸುಮಾರು ಏಳು ನಿಮಿಷ, ನಾಯಿಗಳ ಒಂದು ಸಂಸಾರ, ಮಕ್ಕಳಾಟ. ಮಗು ಹತ್ತನೇ ಸಲ ಹಾಕು ಅಂದಾಗ ಪಕ್ಕದಲ್ಲಿ ಕೂತ ಅಪ್ಪ ಅಮ್ಮನಿಗೂ ಬೇಜಾರಾಗದ ಹಾಗೆ ಬರೆದಿದ್ದಾರೆ. 2024ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಹೊತ್ತು ಸ್ಟ್ರೀಮ್ ಆದ ಕಾರ್ಯಕ್ರಮ ಅದೇ. ಯಾರು ಏನು ನೋಡುತ್ತಾರೆ ಅಂತ ಅಳೆಯುವ ನೀಲ್ಸನ್ ಕಂಪನಿಯ ಲೆಕ್ಕದಲ್ಲಿ ಸುಮಾರು 5,562 ಕೋಟಿ ನಿಮಿಷ. ದೊಡ್ಡವರ ಎಲ್ಲ ದುಬಾರಿ ಸರಣಿಗಳೂ ಅದರ ಹಿಂದೆಯೇ ಉಳಿದವು.